ಹಾಲೂಡಿಸಿದ ‘ಅಮ್ಮ’



ಮೋಶೆಯ ಕಥೆ ನಿಮಗೆ ತಿಳಿದೇ ಇದೆ. ನೈಲ್ ನದಿಯ ಜೊಂಡಿನಲ್ಲಿ ದೊರೆತ ಹಸುಳೆಗೆ ಹಾಲೂಡಿಸಲು ಫರೋಹನ ಪುತ್ರಿ ಸಂಬಳ ಗೊತ್ತುಮಾಡಿ ದಾದಿಯೊಬ್ಬಳನ್ನು ನೇಮಿಸಿದಳು. ಆ ದಾದಿ ಮಗುವಿನ ಹೆತ್ತ ತಾಯಿಯೇ ಆಗಿದ್ದಳು. ಸಂಬಳಕ್ಕೆ ಕೊಟ್ಟ ಹಾಲು ಆಕೆಯ ಕರುಳಕುಡಿಗೇ ದಕ್ಕಿತು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಹಾಲು ಮಾರಿಕೊಂಡ ಬಡ ತಾಯಂದಿರಿಗೆ ಆ ಭಾಗ್ಯವಿರಲಿಲ್ಲ.

ನಮ್ಮ ಬಳ್ಳಾರಿ ಸೀಮೆಯನ್ನು 1800ರಲ್ಲಿ ನಿಜಾಮನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಊರ ಪಕ್ಕದಲ್ಲಿ ದಂಡು ಬೆಳೆಯಿತು, ಅಧಿಕಾರಿಗಳ ಬಂಗಲೆಗಳೆದ್ದವು. ಮದ್ರಾಸ್ ಪ್ರಾಂತದ ಇಂಥ ಬಂಗಲೆಗಳಲ್ಲಿ ಮಗುವನ್ನು ನೋಡಿಕೊಳ್ಳುವವಳು ‘ಆಯಾ’. ಎದೆಹಾಲು ಕೊಡುವವಳು ‘ಅಮಾ’. ಎರಡೂ ಪೋರ್ಚುಗೀಸರು ಬಿಟ್ಟುಹೋದ ಶಬ್ದಗಳೆಂದು 1886ರ ‘ಹಾಬ್ಸನ್-ಜಾಬ್ಸನ್’ ನಿಘಂಟು ತಿಳಿಸುತ್ತದೆ. ಆದರೆ ನಮ್ಮ ಕಿವಿಗೆ ಅದು ಬೇರೆಯೇ ಆಗಿ ಕೇಳುತ್ತದಲ್ಲವೇ? ಕೂಲಿಗೆ ಬಂದವಳಿಗೆ ಹುದ್ದೆಯ ಹೆಸರೇ ‘ಅಮ್ಮ’!

ಆಕೆಯ ಬಾಳಿನ ಒಂದು ಚಿತ್ರ ಜೂಲಿಯಾ ಮೇಟ್ಲೆಂಡ್ ಎಂಬಾಕೆಯ ಪತ್ರಗಳಲ್ಲಿ ಉಳಿದಿದೆ. ಈಕೆ ರಾಜಮಂಡ್ರಿಯ ನ್ಯಾಯಾಧೀಶರ ಪತ್ನಿ. 1836ರಲ್ಲಿ ಮದ್ರಾಸಿಗೆ ಬಂದವಳು. ಪತ್ರಗಳು 1843ರಲ್ಲಿ ಪುಸ್ತಕವಾದವು. ಅವಳ ಮಗುವಿನ ದಾದಿ ಜಾತಿನಿಷ್ಠೆಯ ಹೆಂಗಸು. ಸ್ವಜಾತಿಯವರು ಬೇಯಿಸಿದ್ದನ್ನಷ್ಟೇ ಉಣ್ಣುವಳು; ಅನ್ಯರು ಅಡುಗೆಯ ಹತ್ತಿರ ಸುಳಿದರೆಂಬ ಶಂಕೆ ಬಂದರೆ ದಿನವಿಡೀ ಉಪವಾಸ. ಅದಕ್ಕಾಗಿ ಬಂಗಲೆಯ ಆವರಣದಲ್ಲಿ ತೆಂಗಿನ ಗರಿಯ ಗುಡಿಸಲನ್ನೇ ಕಟ್ಟಿಸಬೇಕಾಯಿತು. ದಾದಿಯ ಸ್ವಂತ ಕೂಸಿಗೆ ಬೇರೊಬ್ಬ ಹೆಂಗಸನ್ನು ಇರಿಸಿ, ಜೂಲಿಯಾ ತಾನೇ ಆಗಾಗ್ಗೆ ಹೋಗಿ ನೋಡಿಬರುತ್ತಿದ್ದಳು. ಇಲ್ಲವಾದರೆ ಹೆತ್ತವರ ಅಲಕ್ಷ್ಯದಿಂದ ಆ ಕೂಸು ಸಾಯುವುದೆಂಬುದು ಅವಳ ಮಾತು.

ಈ ಮಾತನ್ನು ಮೊದಲು ಓದಿದಾಗ ನನಗೆ ಸಿಟ್ಟು ಬಂದಿತು. ಹಾಲನ್ನು ಕೊಂಡವರೇ ಹಾಲಿಲ್ಲದ ಕೂಸಿನ ತಾಯಿಯನ್ನು ನಿರ್ಲಕ್ಷ್ಯದವಳೆನ್ನುವುದೇ? ಮತ್ತೆ ಓದಿದಾಗ, ಆ ಕೂಸು ಬದುಕಲೆಂದು ಖರ್ಚುಮಾಡಿ ಕಾಳಜಿ ವಹಿಸಿದವಳೂ ಅವಳೇ ಎಂಬುದು ಕಂಡಿತು. ತೀರ್ಪು ಕೊಡುವುದು ಅಷ್ಟು ಸುಲಭವಲ್ಲ.

ಇದು ಬಿಳಿಯರು ಕರಿಯರಿಗೆ ಮಾಡಿದ ಅನ್ಯಾಯ ಮಾತ್ರವೆಂದು ತಿಳಿಯಬೇಡಿ. ಇಂಗ್ಲೆಂಡಿನಲ್ಲಿಯೇ ಈ ಕೆಲಸಕ್ಕೆ ಬರುತ್ತಿದ್ದವರಲ್ಲಿ ಅನೇಕರು ಮದುವೆಯಿಲ್ಲದೆ ತಾಯಿಯಾದ ಬಡ ಸೇವಕಿಯರು. 1861ರಲ್ಲಿ ಹೊರಬಂದ ಶ್ರೀಮತಿ ಬೀಟನ್ನರ ಗೃಹನಿರ್ವಹಣೆಯ ಗ್ರಂಥವು ದಾದಿಯ ವಯಸ್ಸು ಇಪ್ಪತ್ತರಿಂದ ಮೂವತ್ತರೊಳಗಿರಬೇಕು, ಆರೋಗ್ಯ ಚೆನ್ನಾಗಿರಬೇಕು ಎಂದು ವಿಧಿಸುತ್ತದೆ. ಸಂತೆಯಲ್ಲಿ ಹಸುವನ್ನು ಪರೀಕ್ಷಿಸುವ ಕ್ರಮ ನೆನಪಾಗುತ್ತದೆ. ಯಜಮಾನರ ಮನೆಯಲ್ಲಿ ಅವಳಿಗೆ ಹೊಟ್ಟೆತುಂಬ ಊಟ, ಒಳ್ಳೆಯ ಸಂಬಳ. ಅವಳ ಕೂಸಾದರೋ ಹಣ ಪಡೆದು ಮಕ್ಕಳನ್ನು ಸಾಕುವ ಪರರ ಕೈಯಲ್ಲಿ. ಹೀಗೆ ಸಾಕಲು ಪಡೆದ ಕೂಸೊಂದರ ಕೊಲೆಗಾಗಿ ಮಾರ್ಗರೆಟ್ ವಾಟರ್ಸ್ ಎಂಬವಳನ್ನು 1870ರಲ್ಲಿ ಲಂಡನ್ನಿನಲ್ಲಿ ಗಲ್ಲಿಗೇರಿಸಿದರು. 1872ರಲ್ಲಿ ಶಿಶುರಕ್ಷಣೆಯ ಕಾನೂನು ಬಂದಿತು. ಜಾರ್ಜ್ ಮೂರ್ 1894ರಲ್ಲಿ ಬರೆದ ‘ಎಸ್ತರ್ ವಾಟರ್ಸ್’ ಕಾದಂಬರಿಯ ನಾಯಕಿ ಇಂಥ ದಾದಿಯೇ.

ಪುನಃ ನಮ್ಮ ಸೀಮೆಗೆ ಬರೋಣ. 1876ರಿಂದ 1878ರವರೆಗಿನ ಮಹಾ ಕ್ಷಾಮದಲ್ಲಿ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಸಿರುಗುಪ್ಪಕ್ಕೆ ತುಂಗಭದ್ರೆಯ ನೀರು ತರುವ ವಿಜಯನಗರ ಕಾಲದ ಕಾಲುವೆಗಳಿದ್ದವು. ಕುರುಗೋಡಿನ ಸುತ್ತಣ ಎರೆಭೂಮಿಗೆ ಬಹುಮಟ್ಟಿಗೆ ಮಳೆಯೇ ಗತಿ. ಉಣ್ಣಲು ಜೋಳವಿಲ್ಲದ ಬಾಣಂತಿಯ ಎದೆಯಲ್ಲಿ ಹಾಲೆಲ್ಲಿಯದು? ಬಂಗಲೆಯಲ್ಲಿ ಹೊಟ್ಟೆತುಂಬ ಅನ್ನ ಸಿಕ್ಕುವುದಾದರೆ, ಗಂಡನೂ ಉಳಿದ ಮಕ್ಕಳೂ ಅವಳ ಸಂಬಳದಿಂದ ಬದುಕುವುದಾದರೆ, ತೊಟ್ಟಿಲ ಕೂಸನ್ನು ಅಜ್ಜಿಯ ಮಡಿಲಲ್ಲಿಟ್ಟು ಹೊರಡುವ ತಾಯಿಯನ್ನು ನಾವು ಏನೆಂದು ಕರೆಯೋಣ?

1867ರ ಸುಮಾರಿಗೆ ಲೀಬಿಗ್ ಮತ್ತು ನೆಸ್ಲೆ ಎಂಬವರು ಸಿದ್ಧಪಡಿಸಿದ ಶಿಶು ಆಹಾರಗಳು ಮಾರುಕಟ್ಟೆಗೆ ಬಂದವು. ಹಾಲಿನ ಬಾಟಲಿಯೂ ಹರಡಿತು. ಕ್ರಮೇಣ ದಾದಿಯ ಕೆಲಸ ಇಲ್ಲವಾಯಿತು.

ಮದ್ರಾಸ್ ಪ್ರಾಂತದಲ್ಲಿದ್ದ ಯುರೋಪಿಯನ್ನರ ಸಮಾಧಿ ಬರಹಗಳನ್ನು ಜೆ. ಜೆ. ಕಾಟನ್ ಎಂಬ ಅಧಿಕಾರಿ 1905ರಲ್ಲಿ ಪಟ್ಟಿಮಾಡಿ ಪ್ರಕಟಿಸಿದರು. ಬಳ್ಳಾರಿಯ ಕಲ್ಲುಗಳೂ ಅದರಲ್ಲಿವೆ. ದಾದಿಯರ ಕೂಸುಗಳನ್ನು ಮಣ್ಣುಮಾಡಿದ ಜಾಗದಲ್ಲಿ ಓದಿ ಬರೆದುಕೊಳ್ಳಲು ಕಲ್ಲುಗಳಿರಲಿಲ್ಲ.