ಮುಟ್ಟದೆ ನುಡಿಸುವ ವಾದ್ಯ

ರೇಡಿಯೊ ಕೇಳುತ್ತಿರುವಾಗ ಅದರ ಏರಿಯಲ್ ಕಡ್ಡಿಯ ಹತ್ತಿರ ಕೈ ಒಯ್ದರೆ ಕೆಲವೊಮ್ಮೆ ಶಬ್ದ ಬದಲಾಗುತ್ತದೆ. ಕೈ ತೆಗೆದರೆ ಮೊದಲಿನಂತಾಗುತ್ತದೆ. ನೀವೂ ಇದನ್ನು ಗಮನಿಸಿರಬಹುದು. ನಮಗೆ ಕಿರಿಕಿರಿ ಎನಿಸುವ ಇಂಥದೇ ಒಂದು ಪರಿಣಾಮವನ್ನು ಹಿಡಿದು ರಷ್ಯದ ಯುವ ವಿಜ್ಞಾನಿಯೊಬ್ಬ ಹೊಸ ವಾದ್ಯವನ್ನೇ ಕಟ್ಟಿದ.

ಆತನ ಹೆಸರು ಲೆವ್ ತೆರ್ಮೆನ್. ಹುಟ್ಟಿದ್ದು 1896ರಲ್ಲಿ, ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ. 1920ರ ಸುಮಾರಿಗೆ ಆ ನಗರ ಪೆಟ್ರೊಗ್ರಾಡ್ ಆಗಿತ್ತು. ಅಲ್ಲಿನ ಭೌತವಿಜ್ಞಾನ ಸಂಸ್ಥೆಯಲ್ಲಿ, ಅಬ್ರಾಂ ಯೋಫೆ ಅವರ ಕೈಕೆಳಗೆ, ಆತ ಅನಿಲಗಳ ವಿದ್ಯುತ್ ಗುಣವನ್ನು ಅಳೆಯುವ ಉಪಕರಣ ತಯಾರಿಸುತ್ತಿದ್ದ. ತನ್ನ ಕೈ ಸರಿದಾಡಿದಂತೆ ಉಪಕರಣದ ಸ್ವರ ಏರಿಳಿಯುವುದು ಕಂಡಿತು. ಚೆಲ್ಲೊ ನುಡಿಸುವುದನ್ನು ಕಲಿತಿದ್ದವನಾದ್ದರಿಂದ ಅದನ್ನು ದೋಷವೆಂದು ಬಿಡದೆ ಅದರಲ್ಲಿ ಸಂಗೀತ ಹುಡುಕಿದ. 1922ರಲ್ಲಿ ಲೆನಿನ್‌ಗೂ ನುಡಿಸಿ ತೋರಿಸಿದ.

ಇದರ ತತ್ತ್ವ ನಿಮ್ಮ ಪಠ್ಯಪುಸ್ತಕದಲ್ಲೇ ಇದೆ. ಪೆಟ್ಟಿಗೆಯೊಳಗೆ ಎರಡು ಆಂದೋಲಕಗಳಿವೆ. ಒಂದರ ಆವೃತ್ತಿ ಸ್ಥಿರ. ಉದಾಹರಣೆಗೆ 1,70,000 ಹರ್ಟ್ಸ್ ಎನ್ನಿ. ಇನ್ನೊಂದಕ್ಕೆ ಲೋಹದ ಕಡ್ಡಿಯೊಂದು ಸೇರಿದೆ. ಕಡ್ಡಿಯೂ ನಿಮ್ಮ ಕೈಯೂ ಸೇರಿ ಒಂದು ಕೆಪಾಸಿಟರ್, ಅಂದರೆ ಧಾರಕ, ಆಗುತ್ತವೆ. ಕೈ ಹತ್ತಿರ ಬಂದಷ್ಟೂ ಎರಡನೆಯದರ ಆವೃತ್ತಿ ಇಳಿಯುತ್ತದೆ. ಅದು 1,69,560ಕ್ಕೆ ಇಳಿದರೆ ಎರಡರ ವ್ಯತ್ಯಾಸ 440 ಹರ್ಟ್ಸ್. ನಮ್ಮ ಕಿವಿಗೆ ಬೀಳುವುದು ಆ ವ್ಯತ್ಯಾಸ ಮಾತ್ರ. ಬಲಗೈ ಸ್ವರವನ್ನು ಆಳಿದರೆ, ಬಳೆಯಂತೆ ಬಾಗಿದ ಇನ್ನೊಂದು ಲೋಹದ ಕಂಬಿಯ ಮೇಲೆ ಆಡುವ ಎಡಗೈ ಧ್ವನಿಯನ್ನು ಹೆಚ್ಚು ಕಡಿಮೆ ಮಾಡುತ್ತದೆ.

ತೆರ್ಮೆನ್ ಅಮೆರಿಕಕ್ಕೆ ಹೋಗಿ 1928ರಲ್ಲಿ ಪೇಟೆಂಟ್ ಪಡೆದ. ಅಲ್ಲಿ ಆತನ ಹೆಸರಿನಿಂದಲೇ ವಾದ್ಯಕ್ಕೆ ಥೆರೆಮಿನ್ ಎಂಬ ಹೆಸರು ನಿಂತಿತು. 1929ರಲ್ಲಿ ಆರ್‌ಸಿಎ ಕಂಪನಿ ಅದನ್ನು ಮಾರುಕಟ್ಟೆಗೆ ತಂದು, ಹಾಡು ಗುನುಗಬಲ್ಲವರು ಯಾರು ಬೇಕಾದರೂ ಇದನ್ನು ನುಡಿಸಬಹುದೆಂದು ಪ್ರಚಾರ ಮಾಡಿತು. ಬೆಲೆ 175 ಡಾಲರ್. ವಾಲ್ವ್‌ಗಳಿಗೂ ಧ್ವನಿವರ್ಧಕಕ್ಕೂ ಬೇರೆ ಹಣ. ಅದೇ ಅಕ್ಟೋಬರ್‌ನಲ್ಲಿ ಷೇರುಪೇಟೆ ಕುಸಿಯಿತು. ತಯಾರಾದದ್ದು ಸುಮಾರು 500 ವಾದ್ಯಗಳು ಮಾತ್ರ.

ಸೋಲಿಗೆ ಹಣವೊಂದೇ ಕಾರಣವಲ್ಲ. ಕೊಂಡವರಿಗೆ ಅದು ಸುಲಭವಲ್ಲವೆಂದು ಬೇಗ ತಿಳಿಯಿತು. ವೀಣೆಗೆ ಮೆಟ್ಟುಗಳಿವೆ. ಪಿಟೀಲಿಗೆ ಮೆಟ್ಟಿಲ್ಲದಿದ್ದರೂ ಬೆರಳಿಗೆ ತಂತಿ ಸಿಗುತ್ತದೆ. ಇಲ್ಲಿ ಏನೂ ಸಿಗುವುದಿಲ್ಲ. ಕೈ ಕೂದಲೆಳೆಯಷ್ಟು ನಡುಗಿದರೂ ಸ್ವರ ಜಾರುತ್ತದೆ.

ಈ ಕಷ್ಟವನ್ನು ಗೆದ್ದವಳು ಕ್ಲಾರಾ ರಾಕ್‌ಮೋರ್. 1911ರಲ್ಲಿ ವಿಲ್ನಿಯಸ್‌ನಲ್ಲಿ ಹುಟ್ಟಿದ ಆಕೆ ಬಾಲ್ಯದಲ್ಲೇ ಪಿಟೀಲಿನಲ್ಲಿ ಅಸಾಮಾನ್ಯ ಪ್ರತಿಭೆ ತೋರಿದ್ದಳು. ತೋಳಿನ ತೊಂದರೆಯಿಂದ ಪಿಟೀಲನ್ನೇ ಬಿಡಬೇಕಾಯಿತು. ಆದರೆ ಕಿವಿ ಕಲಿತ ವಿದ್ಯೆ ಹೋಗಿರಲಿಲ್ಲ. ಮುಚ್ಚಿದ ಮುಷ್ಟಿಯಿಂದ ಬೆರಳುಗಳನ್ನು ಒಂದೊಂದಾಗಿ ಚಾಚುತ್ತ ಗಾಳಿಯಲ್ಲೇ ಸ್ವರಸ್ಥಾನ ಗುರುತಿಸುವ ಪದ್ಧತಿಯನ್ನು ಆಕೆ ರೂಪಿಸಿದಳು.

ವಾದ್ಯದ ಆಯ್ಕೆಯಲ್ಲೂ ಆಕೆ ರಾಜಿಯಾಗಲಿಲ್ಲ. ಆರ್‌ಸಿಎ ವಾದ್ಯದಲ್ಲಿ ವಾಲ್ವ್ ಒಂದರ ತಂತು ಕಾಯುವುದು, ಆರುವುದರ ಮೇಲೆ ಧ್ವನಿಯ ಏರಿಳಿತ ನಿಂತಿತ್ತು. ಆದ್ದರಿಂದ ಎಡಗೈಗೆ ಅದು ತಡವಾಗಿ ಓಗೊಡುತ್ತಿತ್ತು. ಸ್ವರಗಳನ್ನು ಬಿಡಿಬಿಡಿಯಾಗಿ ನುಡಿಸುವುದು ಕಷ್ಟವಾಗಿತ್ತು. ಆಕೆಯ ಬೇಡಿಕೆಯಂತೆ ತೆರ್ಮೆನ್ ಚುರುಕಾಗಿ ಓಗೊಡುವ, ಐದು ಸ್ಥಾಯಿಗಳ ವ್ಯಾಪ್ತಿಯುಳ್ಳ ವಾದ್ಯವನ್ನು ಆಕೆಗಾಗಿಯೇ ಮಾಡಿಕೊಟ್ಟ. 1934ರಲ್ಲಿ ನ್ಯೂಯಾರ್ಕಿನ ಟೌನ್ ಹಾಲ್‌ನಲ್ಲಿ ಆಕೆ ಕಛೇರಿ ನೀಡಿದಳು.

ನೀವು ಕಲಿಯಲು ಹೊರಟರೂ ಇದೇ ಪರೀಕ್ಷೆ ಮಾಡಿ. ಕಡ್ಡಿ, ಬಳೆ ಎರಡೂ ಇವೆಯೇ? ಬರೀ ಕಡ್ಡಿಯಿರುವ ಅಗ್ಗದ ಪೆಟ್ಟಿಗೆ ಆಟಕ್ಕೆ ಸಾಕು, ಅಭ್ಯಾಸಕ್ಕೆ ಸಾಲದು. ಕೈ ಹತ್ತಿರ ಹೋದಂತೆ ಸ್ವರಗಳ ನಡುವಿನ ಅಂತರ ಆದಷ್ಟು ಸಮವಾಗಿದೆಯೇ? ಎಡಗೈಗೆ ತಕ್ಷಣ ಓಗೊಡುತ್ತದೆಯೇ? 1954ರಲ್ಲೇ ಥೆರೆಮಿನ್ ತಯಾರಿಸತೊಡಗಿದ್ದ ರಾಬರ್ಟ್ ಮೂಗ್ 1996ರಲ್ಲಿ ಹೊರತಂದ ಈಥರ್‌ವೇವ್ ಎಂಬ ಮಾದರಿ ಅನೇಕರಿಗೆ ಮೊದಲ ವಾದ್ಯವಾಯಿತು.

ಅಭ್ಯಾಸಕ್ಕೆ ನಿಂತಾಗ ಮೈ ಅಲುಗಬಾರದು. ನಿಮ್ಮ ಇಡೀ ದೇಹವೇ ಧಾರಕದ ಭಾಗ. ಪಕ್ಕದಲ್ಲಿ ಯಾರಾದರೂ ನಡೆದರೂ ಸ್ವರ ಕದಲೀತು. ಶ್ರುತಿಪೆಟ್ಟಿಗೆ ಹಾಕಿಕೊಂಡು ಮೊದಲು ಷಡ್ಜವೊಂದನ್ನೇ ಹಿಡಿದು ನಿಲ್ಲಿಸಿ. ಹಾಡುಗಳು ಆಮೇಲೆ.

ತೆರ್ಮೆನ್ 1938ರಲ್ಲಿ ಸ್ವದೇಶಕ್ಕೆ ಮರಳಿ ಸೆರೆಯಾದ. ಬಂಧನದಲ್ಲಿದ್ದೇ ಸರ್ಕಾರದ ಗುಪ್ತ ಪ್ರಯೋಗಾಲಯದಲ್ಲಿ ದುಡಿದ. 1991ರಲ್ಲಿ ನ್ಯೂಯಾರ್ಕಿಗೆ ಮತ್ತೆ ಬಂದು ಕ್ಲಾರಾಳನ್ನು ಕಂಡಾಗ ಆತನಿಗೆ 95. ಎರಡು ವರ್ಷಗಳ ನಂತರ ತೀರಿಕೊಂಡ, ಆಕೆ 1998ರಲ್ಲಿ. ಆಕೆಯ ವಾದನದ ಧ್ವನಿಮುದ್ರಿಕೆ 1977ರಲ್ಲಿ ಹೊರಬಂದಿತ್ತು. ಸಿಕ್ಕರೆ ಒಮ್ಮೆ ಕಣ್ಣು ಮುಚ್ಚಿ ಕೇಳಿ. ಯಾರೂ ಏನನ್ನೂ ಮುಟ್ಟಿಲ್ಲವೆಂಬುದು ನಿಮಗೆ ಮರೆತೇ ಹೋಗುತ್ತದೆ.