ವ್ಯೂಫೈಂಡರೂ ಚಿತ್ರದ ಅಂಚೂ: ಬಳ್ಳಾರಿ ಸೀಮೆಯ ಛಾಯಾಚಿತ್ರಗಳ ಸಾಕ್ಷ್ಯವನ್ನು ಕುರಿತು

ಇತಿಹಾಸದ ಆಧಾರಸಾಮಗ್ರಿಗಳಲ್ಲಿ ಶಾಸನ, ನಾಣ್ಯ, ಕಡತಗಳಿಗೆ ಸಲ್ಲುವ ಪರಾಮರ್ಶೆ ಛಾಯಾಚಿತ್ರಕ್ಕೆ ಸಾಮಾನ್ಯವಾಗಿ ಸಲ್ಲುವುದಿಲ್ಲ. ಶಾಸನದ ಪಾಠವನ್ನು ನಾವು ಒಂದೊಂದಕ್ಷರವಾಗಿ ಶಂಕಿಸಿ ನೋಡುತ್ತೇವೆ. ಛಾಯಾಚಿತ್ರವನ್ನಾದರೋ ಕಂಡದ್ದು ಕಂಡಂತೆ ಒಪ್ಪಿಬಿಡುತ್ತೇವೆ. ಚಿತ್ರದಲ್ಲಿ ಇರುವುದನ್ನು ನಂಬುವುದರಿಂದ ಆಗುವ ಹಾನಿ ಅಲ್ಪ. ಅದರಲ್ಲಿ ಇಲ್ಲದ್ದನ್ನು ಹಿಡಿದು 'ಆ ಕಾಲಕ್ಕೆ ಅದು ಅಲ್ಲಿರಲಿಲ್ಲ' ಎಂದು ನಿರ್ಣಯಿಸುವುದರಿಂದ ಆಗುವ ಹಾನಿ ಅಧಿಕ. ಆದುದರಿಂದ ಚಿತ್ರದ ಅಂಚು ಎಲ್ಲಿ ಬಿದ್ದಿತು, ತೆಗೆದವನ ಸಂಕಲ್ಪದಿಂದ ಬಿದ್ದಿತೋ ಉಪಕರಣದ ದೋಷದಿಂದ ಬಿದ್ದಿತೋ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಬಳ್ಳಾರಿ ಸೀಮೆಯ ಕೆಲವು ನಿದರ್ಶನಗಳ ಮೂಲಕ ಇದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಸೀಮೆಯ ಛಾಯಾಚಿತ್ರಗಳಲ್ಲಿ ಅತ್ಯಂತ ಪ್ರಾಚೀನವೂ ಪ್ರಸಿದ್ಧವೂ ಆದವು ಮದರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪೆಯಲ್ಲಿ ತೆಗೆದವು. ಮೇಣ ಸವರಿದ ದೊಡ್ಡ ಕಾಗದದ ಮೇಲೆ ಅವನು ಮಾಡಿದ 60ಕ್ಕೂ ಹೆಚ್ಚು ನೆಗೆಟಿವ್‌ಗಳು ಉಳಿದು ಬಂದಿವೆ. ಅಂದಿನ ಕ್ಯಾಮೆರಾಕ್ಕೆ ವ್ಯೂಫೈಂಡರ್ ಎಂಬ ಬೇರೆ ಅಂಗವೇ ಇರಲಿಲ್ಲ. ಕಪ್ಪು ಬಟ್ಟೆಯನ್ನು ತಲೆಯ ಮೇಲೆ ಹೊದ್ದು, ಹಿಂಬದಿಯ ಉಜ್ಜಿದ ಗಾಜಿನ ಮೇಲೆ ತಲೆಕೆಳಗಾಗಿ ಮೂಡಿದ ಬಿಂಬವನ್ನು ನೋಡಿ, ಅದೇ ಸ್ಥಳದಲ್ಲಿ ಕಾಗದವನ್ನು ಇಡುವುದು ಕ್ರಮ. ಕಣ್ಣು ಕಂಡದ್ದೂ ಮಸೂರ ಕಂಡದ್ದೂ ಒಂದೇ. ಹೀಗಾಗಿ ಇಂಥ ಚಿತ್ರದ ಅಂಚು ವಿಶ್ವಾಸಾರ್ಹ. ವಿಠ್ಠಲ ದೇಗುಲದ ಕಲ್ಲಿನ ರಥದ ಮೇಲೆ ಆಗ ಇಟ್ಟಿಗೆಯ ಶಿಖರವೊಂದಿತ್ತೆಂಬುದು ಗ್ರೀನ್‌ಲಾನ ಚಿತ್ರದಿಂದ ಸ್ಪಷ್ಟವಾಗುತ್ತದೆ. ಇಂದು ಆ ಶಿಖರವಿಲ್ಲ. ಚಿತ್ರದ ಮೇಲಂಚು ತುಸು ಕೆಳಗೆ ಬಿದ್ದಿದ್ದರೆ ಈ ಸಾಕ್ಷ್ಯವೇ ನಮಗೆ ದೊರೆಯುತ್ತಿರಲಿಲ್ಲ.

ಕೈಯಲ್ಲಿ ಹಿಡಿಯುವ ಕ್ಯಾಮೆರಾ ಬಂದೊಡನೆ ಕಣ್ಣಿಗೂ ಮಸೂರಕ್ಕೂ ಇದ್ದ ಈ ಐಕ್ಯ ಮುರಿಯಿತು. 1888ರ ಕೊಡಾಕ್ ಪೆಟ್ಟಿಗೆಗೆ ವ್ಯೂಫೈಂಡರ್ ಇರಲಿಲ್ಲ. ಮೇಲ್ಮೈಯ ಗೆರೆಗಳೇ ಗುರಿಗೆ ಆಧಾರ. 1900ರ ಬ್ರೌನಿಗೂ ವ್ಯೂಫೈಂಡರನ್ನು ಬೇರೆಯಾಗಿ ಕೊಂಡು ಸಿಕ್ಕಿಸಬೇಕಾಗಿತ್ತು. 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾದಲ್ಲಿ 50 ಮಿ.ಮೀ. ಮಸೂರಕ್ಕೆ ತಕ್ಕ ಕಿಂಡಿ ಇತ್ತು. 1930ರಲ್ಲಿ ಮಸೂರಗಳನ್ನು ಬದಲಿಸುವ ಸೌಕರ್ಯ ಬಂದಾಗ ಆ ಒಂದೇ ಕಿಂಡಿ ಸಾಲದಾಯಿತು. ಅಗಲ ನೋಟದ ಮಸೂರಕ್ಕೊಂದು, ದೂರ ನೋಟದ ಮಸೂರಕ್ಕೊಂದು ಎಂದು ಪ್ರತ್ಯೇಕ ವ್ಯೂಫೈಂಡರನ್ನು ಕ್ಯಾಮೆರಾದ ನೆತ್ತಿಯ ಮೇಲಿನ ಗಾಡಿಯಲ್ಲಿ ಜಾರಿಸಿ ಕೂರಿಸುವುದು ರೂಢಿಯಾಯಿತು. ಜೈಸ್ ಸಂಸ್ಥೆ ತನ್ನ ಕಾಂಟ್ಯಾಕ್ಸ್‌ಗಾಗಿ ಐದು ಕಿರುಮಸೂರಗಳನ್ನು ತಿರುಗುವ ಬಿಲ್ಲೆಯ ಮೇಲೆ ಜೋಡಿಸಿದ ವ್ಯೂಫೈಂಡರನ್ನು ತಯಾರಿಸಿತು. ಛಾಯಾಗ್ರಾಹಕನು ಕ್ಯಾಮೆರಾದೊಳಗಿನ ಕಿಂಡಿಯಲ್ಲಿ ದೂರವನ್ನು ಹೊಂದಿಸಿ, ಬಳಿಕ ಮೇಲಿನ ಕಿಂಡಿಯಲ್ಲಿ ಚೌಕಟ್ಟನ್ನು ನಿಶ್ಚಯಿಸಬೇಕಾಯಿತು.

ಇದರ ದೋಷವನ್ನು ಲೆಕ್ಕದಿಂದ ತಿಳಿಯಬಹುದು. ವ್ಯೂಫೈಂಡರು ಮಸೂರಕ್ಕಿಂತ 6 ಸೆಂ.ಮೀ. ಮೇಲಿದ್ದು, ಎರಡರ ದೃಷ್ಟಿರೇಖೆಗಳೂ ಸಮಾನಾಂತರವಾಗಿವೆ ಎಂದು ಭಾವಿಸೋಣ. ಆಗ ಯಾವ ದೂರದಲ್ಲಾದರೂ ಕಣ್ಣಿನ ಚೌಕಟ್ಟು ಫಿಲ್ಮಿನ ಚೌಕಟ್ಟಿಗಿಂತ 6 ಸೆಂ.ಮೀ. ಮೇಲಿರುತ್ತದೆ. 50 ಮಿ.ಮೀ. ಮಸೂರವು 10 ಮೀಟರಿನಲ್ಲಿ ಸುಮಾರು 4.8 ಮೀಟರ್ ಎತ್ತರವನ್ನು ಒಳಗೊಳ್ಳುವುದರಿಂದ ಅಲ್ಲಿ ಈ ಅಂತರ ಗಣನೀಯವಲ್ಲ. 1 ಮೀಟರಿನಲ್ಲಿಯಾದರೋ ಒಳಗೊಳ್ಳುವ ಎತ್ತರ ಸುಮಾರು 45 ಸೆಂ.ಮೀ. ಮಾತ್ರ, ಹೆಚ್ಚುಕಡಮೆ ಎಂಟನೆಯ ಒಂದು ಭಾಗ ಮೇಲ್ಗಡೆ ಕಳೆದುಹೋಗುತ್ತದೆ, ಅಷ್ಟೇ ಭಾಗ ಕೆಳಗಡೆ ಬೇಡದೆ ಸೇರುತ್ತದೆ. ಕ್ಯಾಮೆರಾವನ್ನು ನಿಲುವಾಗಿ ತಿರುಗಿಸಿದರೆ ನಷ್ಟ ಎಡಕ್ಕೋ ಬಲಕ್ಕೋ ಸಂಭವಿಸುತ್ತದೆ.

ದೂರದ ಗೋಪುರಕ್ಕೆ ಬಾಧಕವಲ್ಲದ ಈ ದೋಷ ಸಮೀಪದ ಬಂಡೆಗೆ ಘಾತಕ. ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉಡೇಗೋಳಂಗಳಲ್ಲಿ 1970ರ ದಶಕದ ಕೊನೆಯಲ್ಲಿ ಬೆಳಕಿಗೆ ಬಂದ ಮೌರ್ಯ ಶಾಸನಗಳಲ್ಲಿ ಅಶೋಕನ ಹೆಸರೇ ಇದೆ. ಇಂಥ ಬಂಡೆಯ ಸಮೀಪಚಿತ್ರದಲ್ಲಿ 6 ಸೆಂ.ಮೀ. ಎಂದರೆ ಒಂದು ಪಂಕ್ತಿ. ನಿಲುವು ಚಿತ್ರದಲ್ಲಾದರೆ ಪ್ರತಿ ಪಂಕ್ತಿಯ ಮೊದಲಕ್ಷರಗಳು. ಶಾಸನಕ್ಕೆ ಕಾಗದದ ಪಡಿಯಚ್ಚಿನ ರಕ್ಷಣೆಯುಂಟು. ಬಳ್ಳಾರಿ ನಗರದ ಬಳಿಯ ಸಂಗನಕಲ್ಲು–ಕುಪ್ಪಗಲ್ಲು ಬೆಟ್ಟದ ಬಂಡೆಗೀರುಚಿತ್ರಗಳಿಗೆ ಆ ರಕ್ಷಣೆಯೂ ವಿರಳ. 1892ರಲ್ಲಿ ಫಾಸೆಟ್, 1951ರಲ್ಲಿ ಗಾರ್ಡನ್, 2004ರಲ್ಲಿ ನಿಕೋಲ್ ಬೋವಿನ್ ಇವುಗಳನ್ನು ಕುರಿತು ಬರೆದರು. ಕಲ್ಲುಗಣಿಯಿಂದ ಅಪಾಯಕ್ಕೊಳಗಾದ ಆ ಬೆಟ್ಟದಲ್ಲಿ ಬಂಡೆಯೊಂದು ಒಡೆದುಹೋದ ಮೇಲೆ ಚಿತ್ರದ ಅಂಚೇ ನಮ್ಮ ಜ್ಞಾನದ ಅಂಚಾಗುತ್ತದೆ.

ಕುರುಗೋಡಿನ ಸಮಸ್ಯೆ ಇನ್ನೊಂದು ಬಗೆಯದು. ಸಿಂದರ ಆಳ್ವಿಕೆಯನ್ನು ಕಂಡ ಆ ಊರಿನ ದೇಗುಲಗಳ ಕಂಬಗಳ ನಡುವೆಯಾಗಲಿ, ದೊಡ್ಡಬಸವೇಶ್ವರನ ಬೃಹನ್ನಂದಿಯ ಮುಂದಾಗಲಿ ಹಿಂದೆ ಸರಿಯಲು ಎಡೆ ಕಡಮೆ. ಅಗಲ ನೋಟದ ಮಸೂರ ಅನಿವಾರ್ಯ. ಅದಕ್ಕೆ ಒಪ್ಪದ ಕಿಂಡಿಯಲ್ಲಿ ನೋಡಿದವನು ತಾನು ಬಿಟ್ಟೆನೆಂದುಕೊಂಡದ್ದನ್ನು ಸೇರಿಸಿರಬಹುದು, ಸೇರಿಸಿದೆನೆಂದುಕೊಂಡದ್ದನ್ನು ಬಿಟ್ಟಿರಬಹುದು.

ಪರಿಹಾರಗಳು ಇಲ್ಲದಿರಲಿಲ್ಲ. ದೂರಕ್ಕೆ ತಕ್ಕಂತೆ ತುಸು ಬಾಗುವ ವ್ಯೂಫೈಂಡರುಗಳು ಬಂದವು. ಆದರೆ ಬಾಗಿದ ಕಣ್ಣು ಒಂದು ದೂರದಲ್ಲಿ ಮಾತ್ರ ಮಸೂರದೊಡನೆ ಕೂಡುತ್ತದೆ. ಮುಂದಿನ ಕಂಬಕ್ಕೂ ಹಿಂದಿನ ಗೋಡೆಗೂ ಇರುವ ಸಂಬಂಧವನ್ನು ಅದು ಮಸೂರ ಕಂಡಂತೆ ತೋರಿಸಲಾರದು. ಮುಕ್ಕಾಲಿಯ ಮೇಲೆ ಚೌಕಟ್ಟನ್ನು ನಿಶ್ಚಯಿಸಿ, ಅನಂತರ ಕ್ಯಾಮೆರಾವನ್ನು ಆ 6 ಸೆಂ.ಮೀ. ಮೇಲೆತ್ತಿ ಮಸೂರವನ್ನು ಕಣ್ಣಿದ್ದ ಎಡೆಗೇ ತರುವುದು ನಿರ್ದುಷ್ಟವಾದ ಉಪಾಯ. 1954ರ ಲೈಕಾ ಎಂ3ರಲ್ಲಿ 50, 90, 135 ಮಿ.ಮೀ. ಚೌಕಟ್ಟುಗಳು ಒಂದೇ ಕಿಂಡಿಯೊಳಗೆ ತಾವಾಗಿ ಸರಿಹೊಂದಿದವು. 1959ರ ನಿಕಾನ್ ಎಫ್ ಮೊದಲಾದ ಕನ್ನಡಿ ಕ್ಯಾಮೆರಾಗಳು ಮಸೂರದ ಮೂಲಕವೇ ನೋಡುವ ಹಳೆಯ ಐಕ್ಯವನ್ನು ಮರಳಿ ತಂದವು.

ಇದರಿಂದ ಸಂಶೋಧಕನು ಅನುಸರಿಸಬೇಕಾದ ಕ್ರಮ ಸಿದ್ಧವಾಗುತ್ತದೆ. ಚಿತ್ರವನ್ನು ತೆಗೆದ ಕ್ಯಾಮೆರಾದ ಜಾತಿಯನ್ನೂ ವಸ್ತುವಿನ ದೂರವನ್ನೂ ಮೊದಲು ಊಹಿಸಬೇಕು. ಮುದ್ರಿತ ಪ್ರತಿಯನ್ನಲ್ಲದೆ ಕತ್ತರಿಸದ ನೆಗೆಟಿವನ್ನು ನೋಡಬೇಕು. ಸಮೀಪಚಿತ್ರದ ಅಂಚಿನಲ್ಲಿ ಕಾಣದ್ದನ್ನು ಇನ್ನೊಂದು ಆಧಾರವಿಲ್ಲದೆ 'ಇರಲಿಲ್ಲ' ಎನ್ನಬಾರದು. ಶಾಸನದ ತ್ರುಟಿತ ಭಾಗವನ್ನು ಚುಕ್ಕಿಗಳಿಂದ ಗುರುತಿಸುವ ಎಚ್ಚರ ನಮ್ಮಲ್ಲಿ ಬೇರೂರಿದೆ. ಛಾಯಾಚಿತ್ರದ ನಾಲ್ಕು ಅಂಚುಗಳಿಗೂ ಅದೇ ಎಚ್ಚರ ಸಲ್ಲಬೇಕು.