ಶರ್ಕರಜನ್ಯ ಜೆಲ್‌ಗಳು: ಒಂದು ರಾಸಾಯನಿಕ ವಿಧಾನದ ಇತಿಹಾಸ

ವಿಜ್ಞಾನದ ಇತಿಹಾಸಕಾರರು ಪದಾರ್ಥಗಳ ಆವಿಷ್ಕಾರಕ್ಕೆ ಕೊಡುವಷ್ಟು ಗಮನವನ್ನು ಅವುಗಳನ್ನು ತಯಾರಿಸುವ ವಿಧಾನಕ್ಕೆ ಕೊಡುವುದು ವಿರಳ. ಸಕ್ಕರೆಯ ವರ್ಗದ ಅಣುಗಳು ತಾವಾಗಿಯೇ ಜೋಡಣೆಗೊಂಡು ಜೆಲ್ ಆಗುವ ಸಂಗತಿಯನ್ನು ವಿಚಾರಿಸಿದಾಗ ಈ ಕೊರತೆಯು ಸ್ಪಷ್ಟವಾಗುತ್ತದೆ.

1861ರಲ್ಲಿ ಬ್ರಿಟಿಷ್ ರಸಾಯನಶಾಸ್ತ್ರಜ್ಞನಾದ ತಾಮಸ್ ಗ್ರಹಾಂ ಪದಾರ್ಥಗಳನ್ನು ಎರಡು ವರ್ಗಗಳಾಗಿ ವಿಂಗಡಿಸಿದನು. ಪೊರೆಯನ್ನು ಸುಲಭವಾಗಿ ದಾಟುವ ಉಪ್ಪು, ಸಕ್ಕರೆ ಮುಂತಾದುವು ಸ್ಫಟಿಕಾಭಗಳೆನಿಸಿದುವು; ದಾಟದೆ ಉಳಿಯುವ ಗೋಂದು, ಜೆಲಟಿನ್ ಮುಂತಾದುವು ಕಲಿಲಗಳೆನಿಸಿದುವು. ಜೆಲ್ ಆಗುವುದು ಕಲಿಲಗಳ ಲಕ್ಷಣ. ಸಕ್ಕರೆಯು ಆ ಗೆರೆಯ ಆಚೆಗಿತ್ತು. ಆದರೆ ಮೂವತ್ತು ವರ್ಷಗಳ ತರುವಾಯ, 1891ರಲ್ಲಿ, ಸಕ್ಕರೆಯ ಸಮೀಪಬಂಧುವಾದ ಸಾರ್ಬಿಟಾಲನ್ನು ಬೆಂಜಾಲ್ಡಿಹೈಡಿನೊಡನೆ ಸಂಯೋಗಗೊಳಿಸಿ ಪಡೆದ ವಸ್ತುವನ್ನು ಮ್ಯೂನಿಯೇ ವರದಿ ಮಾಡಿದನು. ಡೈಬೆಂಜಿಲಿಡೀನ್ ಸಾರ್ಬಿಟಾಲ್ ಎಂಬ ಈ ವಸ್ತುವಿನ ಸಣ್ಣ ಅಣುಗಳು ನೂಲುಗಳಂತೆ ಹೆಣೆದುಕೊಂಡು ಅನೇಕ ಸಾವಯವ ದ್ರವಗಳನ್ನು ಜೆಲ್ಲಾಗಿಸಬಲ್ಲುವು. ಗ್ರಹಾಮನ ಗೆರೆಯು ಪ್ರಕೃತಿಯದಲ್ಲ, ವರ್ಗೀಕರಣದ್ದು ಎಂಬುದು ಇದರಿಂದ ಸಿದ್ಧವಾಗುತ್ತದೆ.

ಆದರೆ ತಯಾರಿಕೆಯ ತೊಡಕು ಉಳಿಯಿತು. ಸಾರ್ಬಿಟಾಲಿನ ಅಣುವಿನಲ್ಲಿ ಆರು ಹೈಡ್ರಾಕ್ಸಿಲ್ ಗುಂಪುಗಳಿವೆ. ಆಮ್ಲದ ನೆರವಿನಿಂದ ಸಂಯೋಗ ನಡೆದಾಗ ಬೇಕಾದ ವಸ್ತುವಿನ ಜೊತೆಗೆ ಬೇಡವಾದುವೂ ಹುಟ್ಟುವುವು. ಅವುಗಳನ್ನು ಬೇರ್ಪಡಿಸಲು ದ್ರಾವಕಗಳು ವ್ಯಯವಾಗುವುವು. ಬೇಡದ ಗುಂಪುಗಳನ್ನು ಮೊದಲು ಮುಚ್ಚಿ, ಅನಂತರ ತೆರೆಯುವ ಕ್ರಮವಾದರೋ ಹೆಜ್ಜೆಗಳನ್ನೂ ತ್ಯಾಜ್ಯವನ್ನೂ ಹೆಚ್ಚಿಸುತ್ತದೆ.

ಇದಕ್ಕೆ ಪರಿಹಾರವು ಬೇರೊಂದು ದಿಕ್ಕಿನಿಂದ ಬಂದಿತು. ನೀರು ಅತ್ಯಲ್ಪವಾಗಿರುವ ಸಾವಯವ ದ್ರಾವಕದಲ್ಲಿಯೂ ಲೈಪೇಸ್ ಕಿಣ್ವವು ಕೆಲಸಮಾಡುವುದೆಂದು 1984ರಲ್ಲಿ ಝಾಕ್ಸ್ ಮತ್ತು ಕ್ಲಿಬಾನೋವ್ ತೋರಿಸಿಕೊಟ್ಟರು. ಈ ಕಿಣ್ವವು ಸಕ್ಕರೆಯ ಅಣುವಿನ ತುದಿಯ ಗುಂಪುಗಳನ್ನೇ ಆರಿಸಿ ಮೇದಾಮ್ಲವನ್ನು ಜೋಡಿಸಬಲ್ಲದು. ಮುಚ್ಚುವ, ತೆರೆಯುವ ಹೆಜ್ಜೆಗಳು ತಪ್ಪುವುವು. ನ್ಯೂಯಾರ್ಕಿನ ಸಿಟಿ ಕಾಲೇಜಿನ ಜಾರ್ಜ್ ಜಾನ್ ಮತ್ತು ಸಂಗಡಿಗರು 2006ರಲ್ಲಿ ಅಮಿಗ್ಡಾಲಿನ್‌ನಿಂದ ಕಿಣ್ವದ ಮೂಲಕ ನೀರನ್ನು ಹಿಡಿದಿಡುವ ಜೆಲ್ಲನ್ನೂ, 2010ರಲ್ಲಿ ಮ್ಯಾನಿಟಾಲ್, ಸಾರ್ಬಿಟಾಲ್‌ಗಳಿಂದ, ನೀರನ್ನು ಬಿಟ್ಟು ಅದರೊಡನಿರುವ ಎಣ್ಣೆಯನ್ನು ಮಾತ್ರ ಗಟ್ಟಿಯಾಗಿಸುವ ಜೆಲ್ಲನ್ನೂ ಪ್ರಕಟಿಸಿದರು. ಬಟ್ಟಿಯಿಳಿಸಿ ಆ ಎಣ್ಣೆಯನ್ನು ಮರಳಿ ಪಡೆಯಬಹುದಾಗಿದ್ದಿತು. ಮೆಕ್ಸಿಕೋ ಕೊಲ್ಲಿಯಲ್ಲಿ ಮಹಾ ತೈಲಸ್ರಾವವಾದುದೂ 2010ರಲ್ಲಿಯೇ. ಆದರೆ ಕಾಲದ ಸಾಮೀಪ್ಯವೊಂದರಿಂದಲೇ ಕಾರ್ಯಕಾರಣವನ್ನು ಊಹಿಸಲಾಗದು. ಸಂಶೋಧನೆಯ ಬೇರುಗಳು 2006ಕ್ಕೂ, ಅದರಾಚೆಗೆ 1984ಕ್ಕೂ ಹೋಗುತ್ತವೆ.

ಅನಾಸ್ತಾಸ್ ಮತ್ತು ವಾರ್ನರ್ ಹಸಿರು ರಸಾಯನಶಾಸ್ತ್ರದ ಹನ್ನೆರಡು ತತ್ತ್ವಗಳನ್ನು ನಿರೂಪಿಸಿದುದು 1998ರಲ್ಲಿ. ತ್ಯಾಜ್ಯವು ಹುಟ್ಟಿದ ಮೇಲೆ ಶುದ್ಧಿಗೊಳಿಸುವುದಕ್ಕಿಂತ ಹುಟ್ಟದಂತೆ ತಡೆಯುವುದು ಲೇಸೆಂಬುದು ಅವುಗಳಲ್ಲಿ ಮೊದಲನೆಯದು. ಹಾಗಾದರೆ ಕಿಣ್ವದ ವಿಧಾನವು ಈ ತತ್ತ್ವಗಳಿಗಿಂತ ಹಿರಿಯದು. ತತ್ತ್ವವು ವಿಧಾನವನ್ನು ಹುಟ್ಟಿಸಲಿಲ್ಲ. ಮೊದಲೇ ಇದ್ದ ವಿಧಾನವನ್ನು ಅಳೆಯುವ ಮಾನದಂಡವನ್ನು ಒದಗಿಸಿತು. ಕಿಣ್ವದ ವಿಧಾನದಲ್ಲಿಯೂ ಸಾವಯವ ದ್ರಾವಕದ ಅವಲಂಬನೆ ಸಂಪೂರ್ಣ ತಪ್ಪಿಲ್ಲವಾದುದರಿಂದ, ‘ಹಸಿರು’ ಎಂಬುದನ್ನು ಹೆಚ್ಚುಕಡಮೆಗಳುಳ್ಳ ಗುಣವೆಂದೇ ತಿಳಿಯಬೇಕು. ಒಂದು ಚಳವಳಿಯ ಹೆಸರಿಗೂ ಅದರ ಸಾಧನಗಳ ವಯಸ್ಸಿಗೂ ಇರುವ ಈ ಅಂತರವನ್ನು ಗುರುತಿಸುವುದು ಇತಿಹಾಸದ ವಿದ್ಯಾರ್ಥಿಯ ಕರ್ತವ್ಯವಾಗಿದೆ.